ಮೇಣದ ಮೇಲೆ ಚರಬಿ

"ಇದನ್ನ ಯಾವುದರ ಜೋಡಿ ಇಟ್ಟಿದ್ರಿ, ಅಯ್ಯನೋರ?" ಎಂದು ಪಾದ್ರಿ ದೇವದಾನಂ ಕೇಳಿದರು.

ಅವರ ಕೈಯಲ್ಲಿ ಆ ಸೀಸದ ಗುಂಡು ಇತ್ತು. ಗಾತ್ರದಲ್ಲಿ ಮಾವಿನಕಾಯಿಯಷ್ಟು. ಮೇಲೆ ಹಗ್ಗ ಪೋಣಿಸುವ ಬಳೆ, ಬುಡದಲ್ಲಿ ಬಟ್ಟಲಿನಂಥ ಗುಳಿ. ಗುಳಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ ಅವರು ನಗುವನ್ನು ತಡೆದುಕೊಂಡಿದ್ದರು.

"ನನ್ನ ಜೋಳಿಗ್ಯಾಗ. ವಿಭೂತಿ ಕರಡಿಗಿ ಜೋಡಿ" ಎಂದೆ.

"ಹಂಗಾರ ಮನಿಗೆ ಹೋಗಿ ಕರಡಿಗಿ ತೊಳೀರಿ. ಗುಳಿಯಾಗ ತುಂಬಿದ್ದು ಚರಬಿ. ಕುರಿ ಕೊಬ್ಬು ಇರಬೇಕು."

ನನ್ನ ಕೈ ತಾನಾಗಿ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. "ಬಸವಾ" ಎಂದೆ.

ಶಹಾಬಾದಿನ ಪಾಂಡುರಂಗ ಮಾಸ್ತರು ಕಾಣೆಯಾಗಿ ತಿಂಗಳಾಗುತ್ತ ಬಂದಿತ್ತು. ಅವರ ಚಪ್ಪಲಿ, ಒಂದು ಸಿಂಬಿ ಹಗ್ಗ ಮತ್ತು ಈ ಗುಂಡು ನೀರು ತುಂಬಿದ ಹಳೆಯ ಕಲ್ಲುಖಣಿಯ ದಂಡೆಯಲ್ಲಿ ಸಿಕ್ಕಿದ್ದವು. ಮಾಸ್ತರು ಸಿಕ್ಕಿರಲಿಲ್ಲ.

ಗುಂಡಿನ ಮೈಮೇಲೆ ಸುತ್ತ ಕೆತ್ತಿದ ಅಕ್ಷರಗಳಿದ್ದವು. ಚಿತ್ತಾಪುರದ ಮೌಲವಿ ಸಾಹೇಬರು ಅದು ಫಾರ್ಸಿ ಅಲ್ಲವೆಂದರು. ಸೇಡಂನ ತೆಲುಗು ಪಂತರು ತೆಲುಗಲ್ಲವೆಂದರು. ಮರಾಠಿಯ ಮೋಡಿ ಲಿಪಿ ಓದಬಲ್ಲ ಕುಲಕರ್ಣಿಯೊಬ್ಬರು ತಲೆಕೆಳಗಾಗಿ ಹಿಡಿದು ನೋಡಿ, ಕಣ್ಣು ನೋಯುತ್ತದೆಂದು ಕೈಬಿಟ್ಟರು. ಶಹಾಬಾದಿನ ಪೊಲೀಸ್ ಅಮೀನ ಗುಲಾಮ್ ರಸೂಲ್ ಸಾಹೇಬರು ಮಾತ್ರ ನಿಶ್ಚಿಂತರಾಗಿದ್ದರು. "ಜಾದೂಟೋಣಾದ್ದು ಇರಬೇಕು, ಅಯ್ಯನೋರ. ನೀವು ಅಮೀನಗಿರಿ ಬಿಟ್ಟು ನಾಲವಾರದಾಗ ಆರಾಮ ಅದೀರಿ. ಯಾಕ್ ಇದರಾಗ ಬೀಳ್ತೀರಿ?"

ಅವರು ಹೇಳಿದ್ದು ಸರಿಯೇ. ಆದರೆ ಆರಾಮ ಎಂಬುದು ನನ್ನ ಮನೆಯಲ್ಲಿ ಉಳಿದಿರಲಿಲ್ಲ. ಹೆಂಡತಿ ವಿಮಲಾಬಾಯಿ ಲಿಂಗೈಕ್ಯಳಾದ ಮೇಲೆ ಆ ಮನೆಯ ಬಾಗಿಲು ತೆರೆಯುವುದೇ ನನಗೆ ಬೇಸರದ ಕೆಲಸವಾಗಿತ್ತು.

"ಓದಲಿಕ್ಕ ಬರ್ತದೇನ್ರಿ ನಿಮಗ?" ಎಂದು ಪಾದ್ರಿಯನ್ನು ಕೇಳಿದೆ.

"ಬರ್ತದ. ಮಾಸ್ತರಿಗೆ ನಾನೇ ಕಲಿಸಿದ ಅಕ್ಷರ, ನನಗ ಬರದಿದ್ರ ಹ್ಯಾಂಗ?" ಪಾದ್ರಿ ಗುಂಡನ್ನು ತಿರುಗಿಸುತ್ತ ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟರು. "ಕಟಪೈರಟೇರಿಯಾ. ಪ್ರಾಚೀನ ಗ್ರೀಕರ ಶಬ್ದ. ನಾವಿಕರದು."

"ಕಟ... ಏನಂದ್ರಿ?"

"ಕಟಾ ಅಂದ್ರ ಕೆಳಗ. ಪೈರಾ ಅಂದ್ರ ಪರೀಕ್ಷಾ. ಕೆಳಗ ಬಿಟ್ಟು ಪರೀಕ್ಷಾ ಮಾಡೋ ಸಾಧನ."

ವಾಡಿ ಜಂಕ್ಷನ್ನಿನಲ್ಲಿ ಎಂಜಿನ್ನೊಂದು ಡಬ್ಬಿಗಳನ್ನು ಗುದ್ದಿತು. ಪಾದ್ರಿ ಸದ್ದು ನಿಲ್ಲುವತನಕ ಕಾದರು. ಅವರ ಪಡಸಾಲೆಯ ಮುಂದಿನ ಕಾಲುದಾರಿಗೆ ಕೆಂಪು ಮುರಮಿನ ಗರಸು ಮಣ್ಣು ಹಾಸಿದ್ದರು. ಸುತ್ತ ಎಲ್ಲೆಲ್ಲೂ ಕಪ್ಪು ಮಣ್ಣು, ಬೂದಿ ಬಣ್ಣದ ಕಲ್ಲು. ಆ ಒಂದು ದಾರಿ ಮಾತ್ರ ಕೆಂಪಗೆ ಚೆಂದವಾಗಿತ್ತು.

"ಚಿಂಚೋಳಿ ಕಾಡಿನ ಕಡೆ ನಮ್ಮದೊಂದು ಬಿಡಾರ ಅದ. ಅಲ್ಲಿಂದ ಗಾಡಿ ಮ್ಯಾಲ ತರಿಸಿದ್ದು" ಎಂದರು ನಾನು ನೋಡುತ್ತಿದ್ದುದನ್ನು ಕಂಡು.

"ಅದಿರಲಿ. ಇದನ್ನ ಹ್ಯಾಂಗ ಬಳಸ್ತಿದ್ರು, ಹೇಳ್ರಿ."

"ಬುಡದ ಗುಳಿಯಾಗ ಚರಬಿ ತುಂಬ್ತಾರ. ಹಗ್ಗ ಕಟ್ಟಿ ಸಮುದ್ರಕ್ಕ ಇಳಿಬಿಡ್ತಾರ. ತಳಕ್ಕ ಬಡೀತದ. ಹಗ್ಗ ಎಷ್ಟು ಹೋತು ಅನ್ನೂದು ಆಳ. ಆಳಕ್ಕಿಂತ ದೊಡ್ಡದು ಇನ್ನೊಂದದ. ಚರಬಿಗೆ ತಳದ ಮಣ್ಣು ಅಂಟಿ ಮ್ಯಾಲ ಬರ್ತದ. ಮಿಸರ ದೇಶಕ್ಕ, ಅಂದ್ರ ಈಜಿಪ್ತಿಗೆ, ಹೋಗೋ ಹಡಗಿನವರಿಗೆ ದಂಡಿ ಕಣ್ಣಿಗೆ ಬೀಳೂದಿಲ್ಲ, ಸುತ್ತ ಬರೇ ನೀರು. ಈ ಗುಂಡು ಬಿಟ್ಟರ ಅಲ್ಲಿಯ ದೊಡ್ಡ ನದಿಯ ಕೆಸರು ಬರ್ತಿತ್ತು. ಆಗ ಅವರಿಗೆ ಗೊತ್ತು, ದಂಡಿ ಇನ್ನೊಂದು ದಿನದ ಹಾದಿ. ಅಂದ್ರ ಇದು ಬರೇ ಆಳ ಅಳೆಯೋದಲ್ಲ, ಅಯ್ಯನೋರ. ನಾವು ಎಲ್ಲಿದ್ದೀವಿ ಅನ್ನೂದನ್ನ ಹೇಳೋದು."

ನನಗೆ ಅರ್ಥವಾದ ಹಾಗೂ ಆಯಿತು, ಆಗದ ಹಾಗೂ ಆಯಿತು. ಸಮುದ್ರವನ್ನು ಕಂಡವನು ನಾನಲ್ಲ. ಪಾಂಡುರಂಗ ಮಾಸ್ತರೂ ಕಂಡವರಲ್ಲ. ಕಾಗಿಣಾ ನದಿಗೆ ಪೂರ ಬಂದರೆ ಅದೇ ನಮಗೆ ಸಮುದ್ರ. ಇಂಥ ಊರಿನ ಮಾಸ್ತರಿಗೆ ನಾವಿಕರ ಸಾಧನ ಯಾಕೆ?

"ಅಂದ್ರ ಮಾಸ್ತರು ನಿಮ್ಮಲ್ಲಿಗೆ ಬಂದು ಗ್ರೀಕ ಕಲೀತಿದ್ರು. ಇದನ್ನ ಮಾಡಿಸ್ತೀನಿ ಅಂತ ಹೇಳಿದ್ರೇನು?"

"ಈ ಶಬ್ದ ಬಂದ ದಿನ ಮುಂದಿನ ಪಾಠಾನೇ ಬ್ಯಾಡ ಅಂದ. ತಳ ಕಲ್ಲಿದ್ರ ಏನ್ ಮಾಡ್ತಿದ್ರು ಅಂತ ಕೇಳಿದ. ಕಲ್ಲಿನ ಗುರುತು ಚರಬಿ ಮ್ಯಾಲ ಮೂಡ್ತದ ಅಂದೆ. ಚರಬಿ ಅಂದ ಕೂಡಲೇ ಮಾರಿ ಹಿಂಡಿದ. ಮೇಣ ಆಗೂದಿಲ್ಲೇನ್ರಿ ಅಂದ. ಆಗ್ತದ ಅಂದೆ."

"ಹಂಗಾರ ಚರಬಿ ತುಂಬಿದವರು ಯಾರು?"

ಪಾದ್ರಿ ಚಾಕು ತಂದು ಗುಳಿಯ ಸುತ್ತ ಮೆಲ್ಲಗೆ ಆಡಿಸಿ, ಚರಬಿಯ ಬಿಲ್ಲೆಯನ್ನು ಒಡೆಯದೆ ಎತ್ತಿ ತೆಗೆದರು. ಅದರ ಹೊರಮೈಗೆ ಕೆಂಪಗೆ ಏನೋ ಅಂಟಿತ್ತು. ಅದರ ಕೆಳಗೆ, ಗುಳಿಯ ಆಳದಲ್ಲಿ, ಬೇರೆ ಒಂದು ಪದರ ಮೆತ್ತಿಕೊಂಡಿತ್ತು. ಅದೂ ಕೆಂಪು.

"ರಕ್ತ" ಎಂದೆ. ಗುಲಾಮ್ ರಸೂಲ್ ಸಾಹೇಬರೂ ಹಾಗೆಯೇ ಅಂದಿದ್ದರು.

"ಒಳಗಿನ ಕೆಂಪು ಏನಂತ ಪಾಂಡುರಂಗನ ಮನಿಯೊಳಗ ಕೇಳ್ರಿ" ಎಂದರು ಪಾದ್ರಿ. ಬಿಲ್ಲೆಯನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ನನ್ನ ಮುಂದೆ ಇಟ್ಟರು. "ಇದನ್ನ ಒಗೀಬ್ಯಾಡ್ರಿ. ನಾವಿಕರು ಚರಬಿಗೆ ಅಂಟಿದ್ದನ್ನ ನೋಡದ ಒಗೀತಿದ್ದಿಲ್ಲ."

ಆ ಪೊಟ್ಟಣವನ್ನು ಜೋಳಿಗೆಯಲ್ಲಿ ಇಡಲು ಮನಸ್ಸಾಗಲಿಲ್ಲ. ಕೋಟಿನ ಹೊರಜೇಬಿನಲ್ಲಿ ಇಟ್ಟುಕೊಂಡು ಶಹಾಬಾದಿನ ಗಾಡಿ ಹತ್ತಿದೆ.

*

ಪಾಂಡುರಂಗ ಮಾಸ್ತರ ಮನೆಯ ಅಂಗಳದಲ್ಲಿ ಮುತ್ತುಗದ ಎಲೆಗಳ ಕಟ್ಟು ಬಿದ್ದಿತ್ತು. ತೊಟ್ಟು ಸಹಿತ ಕಿತ್ತು ತಂದ ಎಲೆಗಳು. ಪಕ್ಕದಲ್ಲಿ ದರ್ಭೆ, ಹೊಸ ಮಣ್ಣಿನ ಗಡಿಗೆ.

ಅವು ಯಾತಕ್ಕೆಂದು ನನಗೆ ಗೊತ್ತಿತ್ತು. ಸತ್ತವನ ದೇಹ ಸಿಗದಿದ್ದರೆ ಬ್ರಾಹ್ಮಣರಾದ ಅವರಲ್ಲಿ ಪಾಲಾಶವಿಧಿ ಮಾಡುತ್ತಾರೆ. ಮುತ್ತುಗದ ಎಲೆಯ ತೊಟ್ಟುಗಳಿಂದ ಮನುಷ್ಯನ ಆಕಾರ ಕಟ್ಟಿ, ಅವನೇ ಎಂದು ಭಾವಿಸಿ, ಮಂತ್ರ ಹೇಳಿ ಸುಡುತ್ತಾರೆ. ಸುಟ್ಟ ಮೇಲೆ ಅವನು ಸತ್ತ ಹಾಗೆಯೇ. ಹೆಂಡತಿಯ ಬಳೆ ಒಡೆಯುತ್ತಾರೆ. ತಲೆಗೂದಲು ತೆಗೆಸುತ್ತಾರೆ.

ನಾಳೆ ಬೆಳಿಗ್ಗೆ ಆ ವಿಧಿ.

ಎಲೆಗಳ ಮುಂದೆ ಕುಳಿತಿದ್ದವರು ಮಾಸ್ತರ ಅಣ್ಣ ಪ್ರಹ್ಲಾದಾಚಾರ್ಯರು. ಮನೆಗೆ ಹೊಂದಿಕೊಂಡ ವಿಠಲನ ಗುಡಿಯ ಅರ್ಚಕರು. ಬೇಸಿಗೆಯಲ್ಲಿ ಆ ಗುಡಿಯ ಮೂರ್ತಿ ಕಳವಾದಂದಿನಿಂದ ಅವರು ಒಪ್ಪತ್ತು ಉಣ್ಣುತ್ತಿದ್ದರು. ಈಗ ತಮ್ಮನೂ ಹೋದ ಮೇಲೆ ಕಣ್ಣು ಗುಳಿಬಿದ್ದಿದ್ದವು.

"ಬರ್ರಿ, ಕುಂದ್ರಿ" ಎಂದರು. "ಅಯ್ಯನೋರ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನ ಹುಡುಕೂದು ಸಾಕು. ಅವನ ಜೀವ ಪ್ರೇತಾಗಿ ಆ ಖಣಿ ಮ್ಯಾಲ ತಿರಗ್ಲಿಕತ್ತದ. ನೀರಿಲ್ಲ, ಪಿಂಡಿಲ್ಲ. ನಾ ಹ್ಯಾಂಗ ಉಣ್ಣಲಿ?"

"ಆಚಾರ್ಯರ, ನೀರಿಗೆ ಬಿದ್ದವನ ಹೆಣ ತೇಲಬೇಕಿತ್ತಲ್ರಿ?"

"ಕಲ್ಲು ಕಟ್ಟಿಕೊಂಡು ಬಿದ್ದಿರಬೇಕು."

ಅವರು ಇದನ್ನು ಹೇಳಿದ ವೇಗ ನನಗೆ ಹಿಡಿಸಲಿಲ್ಲ.

ಒಳಬಾಗಿಲಿನ ಹಿಂದೆ ಬಳೆ ಸದ್ದಾಯಿತು. ಮಾಸ್ತರ ಹೆಂಡತಿ ಭಾಮಾ ಅಲ್ಲಿ ನಿಂತಿದ್ದಳು. ಭಾವನ ಎದುರಿಗೆ ಬಂದು ಮಾತನಾಡುವ ರೂಢಿ ಆ ಮನೆಯಲ್ಲಿಲ್ಲ. ನಾನೇ ಬಾಗಿಲ ಹತ್ತಿರ ಹೋಗಿ ಗುಂಡನ್ನು ತೋರಿಸಿದೆ.

"ತಂಗಿ, ಈ ಗುಳಿಯಾಗಿನ ಕೆಂಪು ಏನದು? ಗೊತ್ತದನು?"

ಅವಳು ನೋಡಿದಳು. ನೋಡಿ, ಒಳಗೆ ಹೋದಳು. ಬಂದಾಗ ಕೈಯಲ್ಲಿ ಹಿತ್ತಾಳೆಯ ಸಣ್ಣ ಕರಡಿಗೆ ಇತ್ತು.

"ನನ್ನ ಮೇಣರೀ" ಎಂದಳು. "ಹಣಿಗೆ ಮೊದಲು ಮೇಣ ಹಚ್ಚಿ, ಅದರ ಮ್ಯಾಲ ಕುಂಕುಮ ಒತ್ತತೀವಲ್ಲ, ಆ ಮೇಣ. ಕುಂಕುಮದ ಬೆರಳು ಹತ್ತಿ ಹತ್ತಿ ಕೆಂಪಾಗೇದ. ಅವರೇ ಒಂದಿನ ಬಂದು ಕೆದರಿಕೊಂಡು ಹೋದ್ರು. ಹೆಂಗಸರ ಸಾಮಾನು ನಿಮಗ್ಯಾಕ ಅಂದೆ. 'ಸಮುದ್ರ ನೋಡ್ಲಿಕ್ಕ' ಅಂದ್ರು. ನಗಿ ಮಾಡ್ಲಿಕತ್ತಾರ ಅನಕೊಂಡೆ."

ಅವಳು ಕರಡಿಗೆಯ ಮುಚ್ಚಳ ತೆಗೆದಳು. ಮೇಣದ ಒಂದು ಮಗ್ಗುಲಲ್ಲಿ ಹೆಬ್ಬೆರಳು ಆಳವಾಗಿ ಒತ್ತಿದ ಗುರುತು ಇತ್ತು. ಬೆರಳಿನ ಗೆರೆಗಳ ನಡುವೆ ಓರೆಯಾಗಿ ಒಂದು ಬರೆ.

"ಅಡಕೊತ್ತಿನಿಂದ ಆದ ಗಾಯ. ಅವರ ಬಲಗೈ ಹೆಬ್ಬೆರಳು" ಎಂದಳು. "ಆ ಮಗ್ಗಲಿಗೆ ನಾ ಕೈ ಹಚ್ಚಿಲ್ಲ. ಈ ಮಗ್ಗಲಿಂದನೇ ಹಚ್ಕೋತೀನಿ."

ವಿಮಲಾಬಾಯಿಯ ಸಮಾಧಿಗೆ ಮೊದಲ ಹಿಡಿ ಮಣ್ಣು ಹಾಕಿದ್ದು ನಾನು. ನನಗೆ ಸಂದೇಹವಿಲ್ಲ. ಸಂದೇಹವಿಲ್ಲದ ದುಃಖ ಗಟ್ಟಿಯಾಗಿ ಒಂದೆಡೆ ಕೂರುತ್ತದೆ. ಈ ಹೆಣ್ಣುಮಗಳ ದುಃಖಕ್ಕೆ ಕೂರಲು ಜಾಗವೇ ಇರಲಿಲ್ಲ. ಗಂಡ ಸತ್ತಿದ್ದರೆ ಅಳಬೇಕು, ಓಡಿಹೋಗಿದ್ದರೆ ಸಿಟ್ಟಾಗಬೇಕು. ಎರಡೂ ಗೊತ್ತಾಗದೆ ಅವಳು ದಿನಾ ಬೆಳಿಗ್ಗೆ ಈ ಕರಡಿಗೆಯನ್ನು ತೆಗೆಯುತ್ತಿದ್ದಳು.

"ಅಯ್ಯನೋರ" ಎಂದಳು, ದನಿ ತಗ್ಗಿಸಿ. "ನಾಳಿ ಮುಂಜಾನಿ ಅವರನ್ನ ಸುಡ್ತಾರ. ಅದರೊಳಗ ಖರೇ ಸಂಗತಿ ಏನಿದ್ರೂ ಹೇಳ್ರಿ. ಸತ್ತಾರ ಅಂದ್ರೂ ಹೇಳ್ರಿ."

"ಈ ಕಡೀ ಮಗ್ಗಲಿನ ಮೇಣ ಒಂದಿಷ್ಟು ಕೊಡ್ತೀಯೇನವ್ವ?"

ಅವಳು ತನ್ನ ಮಗ್ಗುಲಿನ ಮೇಣವನ್ನು ಕೆದರಿ ನನ್ನ ಅಂಗೈಗೆ ಹಾಕಿದಳು.

ನಾನು ಪ್ರಹ್ಲಾದಾಚಾರ್ಯರ ಕಡೆ ತಿರುಗಿದೆ. "ನಡೀರಿ ಆಚಾರ್ಯರ, ಖಣಿಗೆ ಹೋಗೂಣ."

ಅವರ ಕೈಯಲ್ಲಿದ್ದ ದರ್ಭೆ ಕೆಳಗೆ ಬಿತ್ತು.

*

ಖಣಿಯ ಕಾವಲುಗಾರ ಸಾಬಣ್ಣ ಹರಗೋಲನ್ನು ನೀರಿಗೆ ನೂಕಿದ.

"ಮತ್ತ ಬಂದ್ರೇನ್ರಿ? ಅಮೀನಸಾಬರು ಬಿದಿರು ಹಾಕಿ ಎಲ್ಲಾ ಕಡೀ ಚುಚ್ಚಿ ಹೋಗ್ಯಾರ. ನೀರಿಗೆ ಪಾಪ, ಬ್ಯಾನಿ ಬಂದಿರಬೇಕು."

"ಬಿದಿರಿಗೆ ಏನ್ ಸಿಕ್ಕಿತ್ತೋ?"

"ಕಲ್ಲು. ಶಹಾಬಾದಿನಾಗ ಕಲ್ಲಲ್ದ ಮಾವಿನಹಣ್ಣ ಸಿಗತದನ್ರಿ?"

ಅಲ್ಲಿಯೇ ತಪ್ಪಾಗಿತ್ತು. ಈ ಊರಿನಲ್ಲಿ ನೆಲವೂ ಕಲ್ಲು, ಗೋಡೆಯೂ ಕಲ್ಲು, ಚಾವಣಿಗೂ ಕಲ್ಲಿನ ಫರಸಿ. ಬಿದಿರು ತಳಕ್ಕೆ ತಾಕಿ ಠಣ್ ಎಂದ ಕೂಡಲೇ ಎಲ್ಲರಿಗೂ ಸಮಾಧಾನವಾಗಿತ್ತು. ಕಲ್ಲು ಸಿಕ್ಕಿತು, ಅಂದರೆ ಬೇರೆ ಏನೂ ಇಲ್ಲ. ಎಂಥ ಕಲ್ಲು ಎಂದು ಯಾರೂ ಕೇಳಲಿಲ್ಲ. ಅದನ್ನು ಮೊದಲೇ ಕೇಳಿದ್ದವರು ಪಾಂಡುರಂಗ ಮಾಸ್ತರೊಬ್ಬರೇ.

ಗುಳಿಗೆ ಮೇಣ ಒತ್ತಿ, ಗುಂಡನ್ನು ಇಳಿಬಿಟ್ಟೆ. ತಳಕ್ಕೆ ಬಡಿದು ಹಗ್ಗ ಸಡಿಲಾಯಿತು. ಎಳೆದೆ. ಮೇಣದ ಮೇಲೆ ಸಣ್ಣ ಸಣ್ಣ ಅಲೆಗಳ ಹಾಗೆ ಗುರುತು ಮೂಡಿತ್ತು, ಹಾಲಿನ ಕೆನೆ ಮಡಚಿದ ಹಾಗೆ. ಹುಟ್ಟಿದ ಹಾಗೆಯೇ ಇರುವ ಕಲ್ಲು.

ಬೆರಳಿನಿಂದ ಮೇಣವನ್ನು ಸವರಿ ಸಮ ಮಾಡಿ ಮತ್ತೆ ಬಿಟ್ಟೆ. ಮತ್ತೆ ಅದೇ ಅಲೆ. ಮತ್ತೆ ಬಿಟ್ಟೆ. ನಡುನೀರಿನಿಂದ ಪಡುವಣ ಮೂಲೆಯ ಕಡೆಗೆ ಹರಗೋಲು ಸರಿಯಿತು. ದಂಡೆಯ ಮೇಲೆ ಪ್ರಹ್ಲಾದಾಚಾರ್ಯರು ನಮ್ಮ ಜೊತೆ ಜೊತೆಗೇ ನಡೆಯುತ್ತಿದ್ದರು. ನಾವು ನಿಂತಲ್ಲಿ ನಿಲ್ಲುತ್ತಿದ್ದರು. ಪಡುವಣ ಮೂಲೆಗೆ ಬಂದಾಗ ಅವರು ನಿಲ್ಲಲಿಲ್ಲ, ಕುಸಿದು ಕುಳಿತರು.

ಗುಂಡನ್ನು ಮೇಲೆತ್ತಿದೆ.

ಮೇಣದ ಮೇಲೆ ಅಲೆ ಇರಲಿಲ್ಲ. ಓರೆಯಾಗಿ, ಒಂದರ ಪಕ್ಕ ಒಂದು, ಒತ್ತಾಗಿ ಹೊಡೆದ ಗೆರೆಗಳಿದ್ದವು. ನನ್ನ ಮನೆಯ ಹೊಸ್ತಿಲ ಮೆಟ್ಟಿಲಿನಲ್ಲಿ ದಿನಾ ಕಾಣುವ ಗೆರೆಗಳು. ಉಳಿ ಹೊಡೆದು ಸಮ ಮಾಡಿದ ಹಾಸುಗಲ್ಲು.

ಸಾಬಣ್ಣ ಬಗ್ಗಿ ನೋಡಿದ. "ಅಬಾಬಾ! ತಳದಾಗಿನ ಕಲ್ಲು ತನ್ನಷ್ಟಕ್ಕ ತಾನೇ ಉಳಿ ಹೊಡಕೊಂಡು ಕುಂತದನ್ರಿ?"

"ಹರಗೋಲು ದಂಡಿಗೆ ಹಚ್ಚು."

ಇಳಿದು ಪ್ರಹ್ಲಾದಾಚಾರ್ಯರ ಮುಂದೆ ನಿಂತೆ. ಮೇಣದ ಗುರುತನ್ನು ಅವರ ಮುಖದ ಮುಂದೆ ಹಿಡಿದೆ.

"ನಿಮ್ಮ ತಮ್ಮ ಕಲ್ಲು ಕಟ್ಟಿಕೊಂಡು ಬಿದ್ದಾನ ಅಂದ್ರಿ. ಕಲ್ಲು ಸಿಕ್ಕಿತು. ಕಟ್ಟಿದವರು ಯಾರು?"

ಅವರು ಮೇಣದಿಂದ ಮುಖ ತಿರುಗಿಸಿದರು.

"ಮೂರ್ತಿ ಕಳವಾತು ಅಂದ್ರಿ. ಕಳ್ಳರನ್ನ ಯಾರೂ ನೋಡಿಲ್ಲ. ತಮ್ಮಗ ಸಂಶಯ ಬಂತು. ಈ ನೀರಿನಾಗ ಹುಡುಕಲಿಕ್ಕ ಶುರು ಮಾಡಿದ. ಆಮ್ಯಾಲ ಅವನೇ ಇಲ್ಲ. ಈಗ ಅವಸರ ಮಾಡಿ ಅವನ ಹೆಸರಿಗೆ ಎಲಿ ಸುಡ್ಲಿಕತ್ತೀರಿ. ಸುಟ್ಟ ಮ್ಯಾಲ ಯಾರೂ ಹುಡುಕೂದಿಲ್ಲ ಅಂತೇನು?"

"ಅಯ್ಯನೋರ, ಹಂಗಲ್ಲ..."

"ಸಾಬಣ್ಣ, ಧುಮುಕು. ಆ ಕಲ್ಲಿನ ಮ್ಯಾಲ ನಿಂತು ಸುತ್ತ ಕೈಯಾಡ್ಸಿ ನೋಡು."

ಸಾಬಣ್ಣ ಅಂಗಿ ಕಳಚಿದ. ಪ್ರಹ್ಲಾದಾಚಾರ್ಯರು ಹೌಹಾರಿ ಎದ್ದು ಅವನ ಎರಡೂ ಕಾಲುಗಳನ್ನು ತಬ್ಬಿಕೊಂಡರು. ಯಾರನ್ನೂ ಮುಟ್ಟದೆ ಮಡಿಯಲ್ಲಿ ನಡೆಯುವ ಮನುಷ್ಯ, ಕಾವಲುಗಾರನ ಕಾಲಿಗೆ ಜೋತುಬಿದ್ದರು.

"ಬ್ಯಾಡ! ಅಲ್ಲಿ ಕಾಲು ಇಡಬ್ಯಾಡ! ದೇವರು ಮಲಗ್ಯಾನ!"

ಸಾಬಣ್ಣ ಕಲ್ಲಾಗಿ ನಿಂತ.

"ನನ್ನ ಕೈ ಜಾರಿತು" ಎಂದರು ಪ್ರಹ್ಲಾದಾಚಾರ್ಯರು. "ಅಭಿಷೇಕಕ್ಕ ಎತ್ತಿದ್ದೆ. ತುಪ್ಪದ ಕೈ. ವಿಠಲ ಕೆಳಗ ಬಿದ್ದ. ಸೊಂಟದ ಮ್ಯಾಲಿನ ಕೈ ಮುರೀತು. ಭಿನ್ನಾದ ಮೂರ್ತಿಗೆ ಪೂಜಾ ಇಲ್ಲ, ನೀರಿಗೇ ಬಿಡಬೇಕು. ಊರ ಮಂದಿ ಮುಂದ ಹೇಳಿ ಬಿಡಬೇಕಿತ್ತು. ಯಾರ ಕೈಯಿಂದ ಮುರೀತು ಅಂತ ಕೇಳ್ತಾರಲ್ಲ? ಹೇಳಲಾರದ ಕಳವಾತು ಅಂದೆ."

"ಹಾಸುಗಲ್ಲು?"

"ಇಷ್ಟು ವರ್ಷ ನನ್ನ ಕೈಯಾಗ ಉಂಡವನು. ಹಂಗೇ ಒರಟು ತಳಕ್ಕ ಒಗೀಲೇನು? ಮೊದಲು ಹಾಸುಗಲ್ಲು ಹಗ್ಗ ಹಾಕಿ ಜಾರಿಸಿದೆ. ಆಮ್ಯಾಲ ಅವನನ್ನ ಅದರ ಮ್ಯಾಲ..."

ಅವರು ಅಳತೊಡಗಿದರು. ನಾನು ಕಟ್ಟಿಕೊಂಡಿದ್ದ ಲೆಕ್ಕವೆಲ್ಲ ಆ ಅಳುವಿನಲ್ಲಿ ಕರಗಿಹೋಯಿತು. ಕೊಲೆಗಾರನೆಂದು ಹಿಡಿದವನು ದೇವರಿಗೆ ಹಾಸಿಗೆ ಹಾಸಿದವನಾಗಿದ್ದ. ಮಾಸ್ತರು ಎಲ್ಲಿ ಎಂಬ ಪ್ರಶ್ನೆ ಇದ್ದಲ್ಲೇ ಇತ್ತು.

"ತಮ್ಮಗ ಗೊತ್ತಾತೇನು?"

"ಗೊತ್ತಾತು. ಇದೇ ಗುಂಡು ಹಿಡಕೊಂಡು ಬಂದ. ಮೇಣದ ಮ್ಯಾಲ ಇವೇ ಗೆರಿ. ನಾ ಎಲ್ಲಾ ಒಪ್ಪಿಕೊಂಡೆ. ಬೈಲಿಲ್ಲ, ಅಯ್ಯನೋರ. ಬೈದಿದ್ರ ಛಲೋ ಇತ್ತು. 'ಅಣ್ಣಾ, ನೀನೇ ಊರಿಗೆ ಹೇಳು, ಅಲ್ಲೀತನಕ ನಾ ಈ ಮನ್ಯಾಗ ಉಣ್ಣೂದಿಲ್ಲ' ಅಂದ. ಶಾಲಿನಾಗ ಗುಂಡು ಸುತ್ತಿಕೊಂಡು ಸ್ಟೇಷನ್ ಕಡೀ ಹ್ವಾದ. ನಾ ಹೇಳಲಿಲ್ಲ. ಅವ ಬರಲಿಲ್ಲ. ನಾಕು ದಿನದ ಮ್ಯಾಲ ಚಪ್ಪಲಿ, ಹಗ್ಗ, ಗುಂಡು ಇಲ್ಲಿ ಸಿಕ್ವು. ನನ್ನ ಸಲುವಾಗಿ ಸತ್ತ ಅಂತ ಆವತ್ತೇ ತಿಳೀತು ನನಗ."

ಸಾಬಣ್ಣ ಅಂಗಿಯನ್ನು ಮತ್ತೆ ತೊಟ್ಟುಕೊಂಡು ನೀರಿನ ಕಡೆಗೆ ಕೈ ಮುಗಿದ.

ನಾನು ಕೋಟಿನ ಜೇಬು ಮುಟ್ಟಿ ನೋಡಿಕೊಂಡೆ. ಗುಂಡು ಮಾಸ್ತರ ಜೊತೆಗೇ ಹೋಗಿತ್ತು. ನಾಲ್ಕು ದಿನ ಎಲ್ಲೋ ಇತ್ತು. ಆಮೇಲೆ ಇಲ್ಲಿಗೆ ಬಂತು. ಎಲ್ಲಿತ್ತು?

ಪಾದ್ರಿ ಹೇಳಿದ ಮಾತು ಆಗ ನನ್ನ ತಲೆಗೆ ಹೊಕ್ಕಿತು. ಬರೇ ಆಳ ಅಳೆಯೋದಲ್ಲ, ಎಲ್ಲಿದ್ದೀವಿ ಅನ್ನೂದನ್ನ ಹೇಳೋದು. ನಾನು ನೀರಿನ ತಳವನ್ನು ನೋಡುತ್ತಿದ್ದೆ. ನೋಡಬೇಕಾದದ್ದು ಗುಂಡಿಗೆ ಮೊದಲೇ ಅಂಟಿಕೊಂಡಿತ್ತು.

*

ಮಾಸ್ತರ ಮನೆಗೆ ಮರಳಿದಾಗ ದೀಪ ಹಚ್ಚುವ ಹೊತ್ತು. ಅಂಗಳದ ಕಟ್ಟೆಯ ಮೇಲೆ ಪೊಟ್ಟಣ ಬಿಚ್ಚಿದೆ.

ಚರಬಿಯ ಬಿಲ್ಲೆಯ ಹೊರಮೈಯ ಕೆಂಪನ್ನು ಇಷ್ಟು ಹೊತ್ತು ನಾನು ಕೆಳಪದರದ ಕುಂಕುಮವೇ ಮೇಲೆ ಬಂದಿದೆಯೆಂದು ತಿಳಿದಿದ್ದೆ. ಉಗುರಿನಿಂದ ಒಂದಿಷ್ಟು ಕೆದರಿ ಉಜ್ಜಿದೆ. ಕುಂಕುಮವಾಗಿದ್ದರೆ ಬೆರಳಿಗೆ ಬಣ್ಣ ಹತ್ತಬೇಕು. ಇದು ಹರಳು ಹರಳಾಗಿ ಕಚ್ಚಿತು. ಮುರಮು. ಶಹಾಬಾದಿನಲ್ಲಾಗಲಿ ವಾಡಿಯಲ್ಲಾಗಲಿ ಇಂಥ ನೆಲವಿಲ್ಲ. ಚಿಂಚೋಳಿ ಬಳಿಯ ಚಂದ್ರಂಪಳ್ಳಿಯಾಚೆಯ ಕಾಡಿನ ಹಳ್ಳಗಳ ತಳದಲ್ಲಿ ಇದೆ. ಪಾದ್ರಿಯ ಅಂಗಳದ ದಾರಿಯಲ್ಲೂ ಇದೆ.

ಮೇಣ ಒತ್ತಿದ ಮೇಲೆ ತುಂಬಿದ್ದು ಈ ಚರಬಿ. ಅಂದರೆ ಮಾಸ್ತರು ಮನೆ ಬಿಟ್ಟ ಮೇಲೆ ಚಿಂಚೋಳಿ ಕಡೆಯ ನೀರಿನಲ್ಲಿ ಯಾರೋ ಈ ಗುಂಡನ್ನು ಬಿಟ್ಟಿದ್ದರು. ಅದನ್ನು ಬಳಸುವುದು ಗೊತ್ತಿದ್ದವರು ಇಬ್ಬರೇ. ಒಬ್ಬರು ಚರಬಿ ಮುಟ್ಟುವವರಲ್ಲ. ಹಾಗಾದರೆ ಇನ್ನೊಬ್ಬರು ಪಾದ್ರಿ. ಆದರೆ ಪಾದ್ರಿಯೇ ಈ ಪೊಟ್ಟಣಕ್ಕೆ ದಾರ ಕಟ್ಟಿ, ಒಗೀಬ್ಯಾಡ್ರಿ ಎಂದು ನನ್ನ ಮುಂದೆ ಇಟ್ಟವರು. ತಪ್ಪು ಮಾಡಿದವನು ತನ್ನ ಗುರುತನ್ನು ತಾನೇ ಕಟ್ಟಿ ಕೊಡುತ್ತಾನೆಯೇ?

ಬಿಲ್ಲೆಯನ್ನು ದೀಪದ ಹತ್ತಿರ ಹಿಡಿದೆ.

ಅದರ ಅಂಚಿನಲ್ಲಿ, ಮುರಮು ತಾಕದ ಕಡೆ, ತುಂಬುವಾಗ ಹೆಬ್ಬೆರಳಿನಿಂದ ಒತ್ತಿದ ಕುಳಿ ಇತ್ತು. ಕುಳಿಯಲ್ಲಿ ಬೆರಳಿನ ಗೆರೆಗಳು. ಗೆರೆಗಳ ನಡುವೆ ಓರೆಯಾಗಿ ಒಂದು ಬರೆ.

"ತಂಗಿ, ಕರಡಿಗಿ ತಾ" ಎಂದೆ.

ಬಾಗಿಲ ಸಂದಿನಿಂದ ಕರಡಿಗೆ ಬಂತು. ಮೇಣದ ಗುರುತು ಇಲ್ಲಿ, ಚರಬಿಯ ಗುರುತು ಅಲ್ಲಿ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟೆ. ಒಂದೇ ಹೆಬ್ಬೆರಳು.

"ಜೀವಂತ ಅದಾನ" ಎಂದೆ. "ಇಲ್ಲಿಂದ ಹೋದ ಮ್ಯಾಲೂ ಜೀವಂತ ಇದ್ದ. ಈ ಚರಬಿ ಒತ್ತಿದ್ದು ಅವನೇ, ಆಮ್ಯಾಲ ಚಪ್ಪಲಿ, ಗುಂಡು ಖಣಿ ದಂಡಿಗೆ ಇಟ್ಟು ಹೋದವನೂ ಅವನೇ ಇರಬೇಕು. ಆಚಾರ್ಯರ, ಆ ಎಲಿ ತಗದು ಒಗೀರಿ. ಚಿಂಚೋಳಿ ಕಾಡಿನ ಪಾದ್ರಿ ಬಿಡಾರಕ್ಕ ಹೋಗಿ ಬರೂತನಕ ವಿಧಿ ಇಲ್ಲ."

ಪ್ರಹ್ಲಾದಾಚಾರ್ಯರು ಬಗ್ಗಿ ನೋಡಿದರು. ಮೊದಲು ಅವರ ಮುಖದಲ್ಲಿ ಬೆಳಕು ಬಂತು. ನಾನು ಕಣ್ಣಾರೆ ಕಂಡೆ. ಆಮೇಲೆ ಅದು ಆರಿತು.

"ಚರಬಿ" ಎಂದರು.

"ಹೌದು."

"ನಮ್ಮ ಪಾಂಡು, ಚರಬಿ ಮುಟ್ಟಿದ. ಕೈಯಾರೆ ಒತ್ತಿದ. ಪಾದ್ರಿ ಬಿಡಾರದಾಗ." ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಅಂದ ಮ್ಯಾಲ ಅವ ಅವರ ಕಡೀ ಆಗ್ಯಾನ. ನಮಗ ಸತ್ತಂಗೇ. ವಿಧಿ ನಾಳೆನೇ ಆಗಬೇಕು."

"ಏನ್ ಮಾತಾಡ್ತೀರಿ? ಜೀವಂತ ಇದ್ದವಗ?"

"ಕುಲ ಬಿಟ್ಟವಗೂ ಮಾಡೂದದ. ನಮ್ಮಲ್ಲಿ ಮಾಡ್ಯಾರ."

"ಯಾಕ ಮುಟ್ಟಿದ, ಹ್ಯಾಂಗ ಮುಟ್ಟಿದ, ಕೇಳೂದು ಬ್ಯಾಡೇನು? ನೀರಿನಾಗ ಇದ್ದ ವಿಠಲನ ಸಂಗತಿ ನಾ ಊರಿಗೆ ಹೇಳಿದ್ರ?"

"ಹೇಳ್ರಿ" ಎಂದರು ಅವರು, ಸೋತ ದನಿಯಲ್ಲಿ. "ಈಗಿಂದೀಗ ಹೇಳ್ರಿ. ಅದು ನನ್ನ ಒಬ್ಬನ ಪಾಪ. ಇದು ಮನಿತನದ್ದು."

ಆಗ ಬಾಗಿಲು ಪೂರ್ತಿ ತೆರೆಯಿತು. ಭಾಮಾ ಹೊರಗೆ ಬಂದಳು. ಭಾವನ ಎದುರಿಗೆ ಹೀಗೆ ಬಂದು ನಿಂತದ್ದು ಅವಳು ಆ ಮನೆ ಹೊಕ್ಕ ಮೇಲೆ ಅದೇ ಮೊದಲಿರಬೇಕು. ಸೆರಗು ತಲೆಯ ಮೇಲಿತ್ತು. ಹಣೆಯ ಕುಂಕುಮ ದೀಪಕ್ಕೆ ಹೊಳೆಯುತ್ತಿತ್ತು.

ಅವಳು ನನ್ನ ಕೈಯಿಂದ ಚರಬಿಯ ಬಿಲ್ಲೆಯನ್ನು ತೆಗೆದುಕೊಂಡಳು.

"ತಂಗಿ, ಮುಟ್ಟಬ್ಯಾಡ..." ಎನ್ನುವುದರೊಳಗೆ ಅವಳು ತನ್ನ ಹೆಬ್ಬೆರಳನ್ನು ಗಂಡನ ಹೆಬ್ಬೆರಳಿನ ಕುಳಿಯಲ್ಲಿ ಇಟ್ಟು ಒತ್ತಿದ್ದಳು. ಅವಳ ಬೆರಳು ಸಣ್ಣದು. ಕುಳಿಯ ಸುತ್ತ ಜಾಗ ಉಳಿಯಿತು.

"ಈಗ ನಾನೂ ಮುಟ್ಟೀನಿ, ಭಾವಾ" ಎಂದಳು. "ಎಲಿ ಭಾಳ ಅವ. ಒಂದು ಬೊಂಬಿ ಯಾಕ, ಎರಡು ಕಟ್ರಿ."

ನಾನು ಪ್ರಹ್ಲಾದಾಚಾರ್ಯರ ಮುಖ ನೋಡಿದೆ. ಈಗ ಅಳುತ್ತಾರೆ, ಈಗ ಎಲೆಯ ಕಟ್ಟನ್ನು ತಿಪ್ಪೆಗೆ ಎಸೆಯುತ್ತಾರೆ ಎಂದುಕೊಂಡೆ.

ಅವರು ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತು, ಮುತ್ತುಗದ ಕಟ್ಟನ್ನು ಬಿಚ್ಚಿ, ಎಲೆಗಳನ್ನು ಎರಡು ಪಾಲು ಮಾಡತೊಡಗಿದರು.